ಅರವತ್ತು, ಎದುರಿಗೆ ಗೋಡೆ

ಎದುರಿಗೆ ಗೋಡೆ. ಕಾಲಡಿಯಲ್ಲಿ ಆಕ್ಸಿಲರೇಟರ್. ಪಕ್ಕದಲ್ಲಿ ಕೂತಿದ್ದ ತಮ್ಮ, “ಇನ್ನೂ ಒತ್ತಕ್ಕಾ” ಎಂದ.

“ಗೋಡೆ ಕಣೋ!”

“ಕಾಣಿಸ್ತಿದೆ. ಅದೇನು ಓಡಿಹೋಗತ್ತಾ?”

ಮುಳ್ಳು ಇಪ್ಪತ್ತು ದಾಟಿತು. ಅಕ್ಕನ ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಗೋಡೆಯಿಂದ ದೂರ ಸರಿಯುವವಳ ಹಾಗೆ ಬೆನ್ನನ್ನು ಸೀಟಿಗೆ ಒತ್ತಿ ಹಿಡಿದಿದ್ದಳು.

ಹೋದ ತಿಂಗಳು ಇದೇ ಕಾರನ್ನು ಅವಳು ಇಂಥದೇ ಗೋಡೆಗೆ ಗುದ್ದಿದ್ದಳು. ಚಕ್ರದ ವೇಗವನ್ನು ಮುಳ್ಳಿಗೆ ತಿಳಿಸುವ ಹೆಬ್ಬೆರಳುದ್ದದ ಸ್ಪೀಡ್ ಸೆನ್ಸರ್ ಅವತ್ತು ಸತ್ತಿತ್ತು. ಮುಳ್ಳು ಸೊನ್ನೆಯಲ್ಲೇ ಗೊರಕೆ ಹೊಡೆಯುತ್ತಿತ್ತು. ಎಷ್ಟು ವೇಗದಲ್ಲಿದ್ದೇನೆಂದು ತಿಳಿಯದೆ ತಿರುವಿಗೆ ನುಗ್ಗಿದ್ದಳು. ಮೆಕ್ಯಾನಿಕ್ ತಮ್ಮ ಬಂಪರ್ ನೆಟ್ಟಗೆ ಮಾಡಿದ, ಇವತ್ತು ಹೊಸ ಸೆನ್ಸರನ್ನೂ ಕೂರಿಸಿದ. ಅಕ್ಕನ ಧೈರ್ಯಕ್ಕೆ ಮಾತ್ರ ಬಿಡಿಭಾಗ ಸಿಕ್ಕಿರಲಿಲ್ಲ. ಡ್ರೈವರ್ ಸೀಟು ಕಂಡರೇ ಕೈಕಾಲು ತಣ್ಣಗಾಗುತ್ತಿದ್ದವು.

“ಏನ್ ಸಿಸ್ಟರ್, ಸೋಮವಾರ ಕಾರು ತರ್ತೀರೋ, ಪೇಷಂಟುಗಳ ಮನೆಗೆ ಬೇರೆ ನರ್ಸನ್ನ ಕಳಿಸ್ಲೋ?” ಅವಳ ಮೇಲಧಿಕಾರಿಯ ಮೂಗುಸ್ವರ, ಕೆಮ್ಮಿನ ಸಮೇತ, ತಮ್ಮನ ಬಾಯಿಂದ ಬಂತು.

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಹಲ್ಲುಗಳೇ ಕಟಕಟ ಅನ್ನುತ್ತಿದ್ದವು.

“ಬ್ರೇಕ್ ಹಾಕ್ತೀನಿ ಕಣೋ.”

“ಮುಟ್ಟಬೇಡ. ಅರವತ್ತಾಗ್ಲಿ.”

“ನನ್ನ ಸಾಯಿಸ್ತೀಯೇನೋ?”

“ನಾನೂ ಪಕ್ಕದಲ್ಲೇ ಇದೀನಲ್ಲ. ಹೋದ್ರೆ ಜೋಡಿ ಟಿಕೆಟ್.”

ಅವನು ಬೆಲ್ಟ್ ಕೂಡ ಹಾಕಿರಲಿಲ್ಲ. ಚಹಾದ ಲೋಟ ತುಟಿಗೆತ್ತಿದ. ಒಂದು ತೊಟ್ಟೂ ಚೆಲ್ಲಲಿಲ್ಲ. ಕಿಟಕಿ ಪೂರ್ತಿ ತೆರೆದಿದ್ದರೂ ತಲೆಯ ಒಂದು ಕೂದಲೂ ಅಲುಗಲಿಲ್ಲ. ಗಟ್ಟಿ ಗುಂಡಿಗೆಯವನು.

ನಲವತ್ತು. ಐವತ್ತು. ಎಂಜಿನ್ ಅರಚಿತು. ಕಣ್ತುಂಬ ಗೋಡೆಯೇ. ಅವತ್ತು ಒಡೆದ ಗಾಜಿನ ಸದ್ದು ಮತ್ತೆ ಕಿವಿಯಲ್ಲಿ. ಕಣ್ಣು ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚಲಿಲ್ಲ.

ಅರವತ್ತು.

“ಈಗ!”

ಬ್ರೇಕ್ ಒತ್ತಿದಳು. ಮುಳ್ಳು ಸೊನ್ನೆಗೆ ಬಿತ್ತು. ಗೋಡೆ ಇದ್ದಲ್ಲೇ ಇತ್ತು.

ಅಕ್ಕ ಅವನ ಕೈಯಿಂದ ಲೋಟ ಕಸಿದು, ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

“ಜಾಕ್ ಇಳಿಸೋ” ಎಂದಳು. “ಮುಂದಿನ ಚಕ್ರ ಎರಡೂ ನೆಲ ಮುಟ್ಲಿ. ಈ ಸಲ ರಸ್ತೇಲಿ ಓಡಿಸ್ತೀನಿ.”