ಮುಚ್ಚಿಟ್ಟ ನಾಲ್ಕನೇ ಸಾಲು

ಜರ್ಟ್ರೂಡ್ ಪೆನ್ನನ್ನು ಮೇಜಿನ ಆಚೆ ತುದಿಗೆ ನೂಕಿದರು. ಅದು ಉರುಳಿಕೊಂಡು ಹೋಗಿ ಉಪ್ಪಿನಕಾಯಿ ಬಾಟಲಿಗೆ ತಾಗಿ ನಿಂತಿತು.

"ಸಹಿ ಹಾಕುದಿಲ್ಲ. ಎಷ್ಟು ಸಲ ಹೇಳಬೇಕು ನಿನಗೆ?"

ಕಾಸ್ಮಿರ್ ಪೆನ್ನನ್ನು ಮತ್ತೆ ತಂದು ಅವರ ಮುಂದಿಟ್ಟ. ಗಲ್ಫಿನ ಹಮದ್ ಬಂದರಿನ ಶಿಪ್ಪಿಂಗ್ ಕಚೇರಿಯಲ್ಲಿ ಕಾಗದಪತ್ರಗಳ ನಡುವೆಯೇ ಕೂದಲು ನರೆಸಿಕೊಂಡವನು ಅವನು. ಟೈಪಿಂಗ್ ಸೆಂಟರಿನಲ್ಲಿ ಟೈಪಾಗಿ ಎಂಬೆಸಿಯ ಮುದ್ರೆ ಬಿತ್ತೆಂದರೆ ಯಾವ ಮಾತಾದರೂ ಸತ್ಯವಾಗುತ್ತದೆ ಎಂದು ನಂಬಿದವನು. ಈಗ ಅವನಿಗೆ ಬೇಕಾಗಿದ್ದದ್ದು ತಾಯಿಯ ಅಕ್ಕನ ಒಂದು ಸಹಿ. ವಿಸಿಟ್ ವೀಸಾದಲ್ಲಿ ಬಿನ್ ಮಹಮೂದ್ ಬಡಾವಣೆಯ ಈ ಫ್ಲಾಟಿಗೆ ಬಂದಿದ್ದ ಜರ್ಟ್ರೂಡ್ ಮಾವ್ಶಿ ಮುಂದಿನ ವಾರ ಊರಿಗೆ ಹೊರಡುವವರಿದ್ದರು.

ಸಂಗತಿ ಇಷ್ಟೇ. ಡಿಸೆಂಬರಿನಲ್ಲಿ ಅಮ್ಮನ ಮನೆತನದವರೆಲ್ಲ ಕಲ್ಯಾಣಪುರದಲ್ಲಿ ಸೇರುವವರು. ವಂಶವೃಕ್ಷದ ಪುಸ್ತಕ ಮಾಡಿಸುವ ಹೊಣೆಯನ್ನು ಕಾಸ್ಮಿರ್ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಎಲ್ಲರ ಹೆಸರೂ ಸಲೀಸಾಗಿ ಸಿಕ್ಕಿತು. ಅಜ್ಜನ ತಂಗಿ ಅಪೊಲಿನ್ ವಿಷಯ ಬಂದಾಗ ಮಾತ್ರ ಎಲ್ಲರೂ ದನಿ ತಗ್ಗಿಸಿದರು. ಆಯಾ ಆಗಿ ಒಬ್ಬ ದೊರೆಯ ಸಂಸಾರದ ಜೊತೆ ಇಂಗ್ಲೆಂಡಿಗೆ ಹೋದವಳು ಮದುವೆಯಿಲ್ಲದೆ ಮಗು ಹೆತ್ತಳಂತೆ. ವಾಪಸು ಬರುವಾಗ ಮಗು ಹಡಗಿನಲ್ಲೇ ತೀರಿಕೊಂಡಿತಂತೆ. ಸಮುದ್ರಕ್ಕೆ ಬಿಟ್ಟರಂತೆ.

ಅಂತೆಕಂತೆಗೆ ಪುರಾವೆ ಎಲ್ಲಿಂದ ತರುವುದು? ನಮ್ಮಲ್ಲಿ ಜನಗಣತಿಯವರು ಬರೆದುಕೊಂಡ ಮನೆಮನೆಯ ವಿವರ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ರಿಟನ್ನಿನವರು 1939ರಲ್ಲಿ, ಯುದ್ಧ ಶುರುವಾದ ತಿಂಗಳು, ಮನೆಮನೆಗೂ ಹೋಗಿ ಮಾಡಿದ ಎಣಿಕೆಯನ್ನು ಇಂಟರ್ನೆಟ್ಟಿಗೇ ಹಾಕಿದ್ದಾರೆ. ಕಾಸ್ಮಿರನ ಹೆಂಡತಿ ರೆನಿಟಾ ಹಟಕ್ಕೆ ಬಿದ್ದು ಹುಡುಕಿ ಆ ದೊರೆಯ ಮನೆಯನ್ನು ಹಿಡಿದೇ ಬಿಟ್ಟಳು.

ಮೊದಲೆರಡು ಸಾಲು ದೊರೆ, ದೊರೆಸಾನಿ. ಮೂರನೆಯದು ಅಪೊಲಿನ್, ಮನೆಗೆಲಸ. ನಾಲ್ಕನೇ ಸಾಲಿನ ಮೇಲೆ ಕರಿ ಪಟ್ಟಿ. ಹುಟ್ಟಿ ನೂರು ವರ್ಷವಾಗದವರ ಸಾಲನ್ನು ಅವರು ಹೀಗೆ ಮುಚ್ಚಿಡುತ್ತಾರೆ. ಸತ್ತಿದ್ದಾರೆಂದು ತೋರಿಸಿದರೆ ತೆರೆಯುತ್ತಾರೆ.

ಆ ಪುಟ ಸಿಕ್ಕಿದ ದಿನ ಮಾವ್ಶಿ ಕನ್ನಡಕ ಏರಿಸಿ ಅದರಲ್ಲಿದ್ದದ್ದನ್ನೆಲ್ಲ ಬಹಳ ಹೊತ್ತು ಓದಿದ್ದರು. ಕರಿ ಪಟ್ಟಿಯ ಮೇಲೆ ಬೆರಳಾಡಿಸಿದ್ದರು. ಸ್ಕ್ರೀನು ಕಲೆಯಾಯಿತೆಂದು ರೆನಿಟಾ ಆಮೇಲೆ ಒರೆಸಿದ್ದಳು.

"ಆ ಸಾಲು ತೆರೆದು ಮಗು ದೊರೆಸಾನಿದು ಅಂತ ಗೊತ್ತಾದರೆ ಅಪೊಲಿನ್ ಅಜ್ಜಿಯ ಮೇಲಿನ ಕಳಂಕ ಖಲಾಸ್," ಎಂದ ಕಾಸ್ಮಿರ್. "ಮಗು ಸತ್ತದ್ದು ಹೌದು ಅಂತ ಮನೆಯ ಹಿರಿಯರು ಅಫಿಡವಿಟ್ ಕೊಟ್ಟರೆ ಸಾಕು. ಹಿರಿಯರು ಅಂತ ಉಳಿದದ್ದು ನೀವೊಬ್ಬರೇ ಅಲ್ವಾ?"

"ಕಳಂಕವಾ? ಅದನ್ನು ಮೆತ್ತಿದ್ದು ಯಾರು? ಊರಿನವರಾ, ನಮ್ಮ ಮನೆಯವರಾ?"

ಅಪೊಲಿನ್ ಕೊನೆಯವರೆಗೂ ಅಡುಗೆಮನೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದು, ಎಲ್ಲರ ಊಟವಾದ ಮೇಲೆ ಉಂಡದ್ದು, ಒಂದು ಮದುವೆಯ ಫೋಟೋದಲ್ಲೂ ಇಲ್ಲದಿರುವುದು ಕಾಸ್ಮಿರನಿಗೂ ಗೊತ್ತಿತ್ತು. ಕಾಯಿಲೆ ಬಿದ್ದಾಗ ಆಕೆಯ ಮೈ ಒರೆಸಿ, ಗಂಜಿ ಕುಡಿಸಿದ್ದು ಜರ್ಟ್ರೂಡ್ ಒಬ್ಬರೇ. ಇಗರ್ಜಿಯ ಪಾದ್ರಿಗಳ ಶಾಲೆಯಲ್ಲಿ ಟೀಚರಾಗಿದ್ದ ಅವರು ಅದಕ್ಕಾಗಿ ವರ್ಷಗಟ್ಟಲೆ ಸಂಬಳವಿಲ್ಲದ ರಜೆ ಹಾಕಿದ್ದರು. ಪುಣ್ಯದ ಕೆಲಸ ಎಂದು ನೆಂಟರು ಹೊಗಳಿದಾಗ ಸಿಡಿಮಿಡಿಗೊಂಡಿದ್ದರು.

ಈ ಮಾವ್ಶಿಯದ್ದು ಎಲ್ಲದರಲ್ಲೂ ತಕರಾರು ಎಂದು ಕಾಸ್ಮಿರನಿಗೆ ಅನಿಸಿತು. ಅವನ ಅಮ್ಮ, ಮಾವಂದಿರು ಎಲ್ಲರ ಜ್ಞಾನಸ್ನಾನದ ದಾಖಲೆ ಊರಿನ ಇಗರ್ಜಿಯಿಂದ ಬಂದಿತ್ತು, ಇವರದ್ದು ಬಿಟ್ಟು. ಅಜ್ಜ ಆಗ ಬೊಂಬಾಯಿಯಲ್ಲಿ ಕೆಲಸಕ್ಕಿದ್ದರು, ಅಲ್ಲಿಯ ಕೂಸು ಇವರೊಬ್ಬರೇ. ಯಾವ ಇಗರ್ಜಿ ಎಂದು ಕೇಳಿದರೆ ಗೊತ್ತಿಲ್ಲ ಎನ್ನುವ ಉತ್ತರ. ಕಡಲದಂಡೆಯ ಕಾರ್ನಿಷ್‌ನಲ್ಲಿ ದೋಣಿ ಸುತ್ತಿಸುತ್ತೇನೆಂದು ಕರೆದುಕೊಂಡು ಹೋದರೆ ಅದೂ ಬೇಡ.

"ಮಗುವನ್ನು ಸಮುದ್ರಕ್ಕೆ ಬಿಟ್ಟದ್ದು ನೀನು ಕಂಡಿದ್ದೀಯಾ?" ಎಂದು ಜರ್ಟ್ರೂಡ್ ಕೇಳಿದರು.

"ನಾನೆಲ್ಲಿ ಕಾಣುದು? ನೀವು ಕಂಡಿದ್ದೀರಾ?"

"ಇಲ್ಲ. ಅದಕ್ಕೇ ಸಹಿ ಇಲ್ಲ."

"ಮುದ್ರೆ ಬಿದ್ದ ಮೇಲೆ ಯಾರು ಕೇಳ್ತಾರೆ ಮಾವ್ಶಿ? ಯಲ್ಲಾ, ಬೇಗ ಒಂದು ಸಹಿ ಹಾಕಿ ಮುಗಿಸಿ." ಕಾಸ್ಮಿರನ ತಾಳ್ಮೆ ಕೆಟ್ಟಿತು. "ಇಲ್ಲದಿದ್ದರೆ ಪುಸ್ತಕದಲ್ಲಿ ಆ ಹೆಂಗಸಿನ ಹೆಸರೇ ಬೇಡ. ಬಿಟ್ಟುಬಿಡುವ."

ಎಂಬತ್ತು ದಾಟಿದ ಜರ್ಟ್ರೂಡ್ ಮೇಜು ಹಿಡಿದು ಸಿಟ್ಟಿನಿಂದ ಎದ್ದು ನಿಂತರು.

"ನಿನ್ನ ಅಜ್ಜ ಬಿಟ್ಟರು, ಅಜ್ಜಿ ಬಿಟ್ಟರು. ಅವರು ಅನ್ನ ಹಾಕಿದವರು ಅಂತ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಿನ್ನ ಮುಂದೆ ಎಂತದಕ್ಕೆ ಮುಚ್ಚಿಕೊಳ್ಳಬೇಕು? ರೆನಿಟಾ, ಕಂಪ್ಯೂಟರ್ ತೆರೆ. ನಿಯಮ ಪೂರ್ತಿ ಓದು. ಇವ ತನಗೆ ಬೇಕಾದಷ್ಟೇ ಓದಿದ್ದು."

ರೆನಿಟಾ ಪುಟ ತೆರೆದಳು. "ಮರಣದ ಪುರಾವೆ ಕೊಟ್ಟರೆ ಮುಚ್ಚಿದ ಸಾಲನ್ನು ತೆರೀತಾರಂತೆ."

"ಅದಾಯ್ತು. ಅದರ ಕೆಳಗೆ?"

ರೆನಿಟಾ ಮನಸ್ಸಿನಲ್ಲೇ ಓದಿಕೊಂಡಳು. ಇನ್ನೊಮ್ಮೆ ಓದಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಇಲ್ಲದಿದ್ದರೆ, ಆ ಸಾಲಿನಲ್ಲಿ ಇರುವವರೇ ತಮ್ಮ ಗುರುತಿನ ಪುರಾವೆ ಕೊಟ್ಟು ಅರ್ಜಿ ಹಾಕಬಹುದು ಅಂತ ಉಂಟು."

ಕಾಸ್ಮಿರ್ ಗಟ್ಟಿಯಾಗಿ ನಕ್ಕುಬಿಟ್ಟ. "ಸತ್ತ ಮಗು ಪಾಸ್‌ಪೋರ್ಟ್ ಹಿಡಿದುಕೊಂಡು ಬರ್ತದಾ?"

ಜರ್ಟ್ರೂಡ್ ತಮ್ಮ ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ಆ ಅಫಿಡವಿಟ್ಟಿನ ಮೇಲೆ ಇಟ್ಟು, "ತಾಯಿಯ ಹೆಸರು ಕೇಳಿದ ಕಡೆ ಅಪೊಲಿನ್ ಅಂತ ಬರಿ, ರೆನಿಟಾ," ಎಂದರು.