ಹುಲ್ಲಿಗೂರಿದ ಬೆರಳು

"ಚೆಂಡು ಹಿಡ್ಕೊಂಡು ನುಗ್ತಾರೋ, ಎಸೀತಾರೋ? ಬೇಗ ಹೇಳಯ್ಯಾ ವೆಂಡೆಲ್. ಮೂರು ಪಟ್ಟು ಸಂಬಳ ಸುಮ್ನೆ ಕೊಡ್ತಿಲ್ಲ ನಿಂಗೆ," ಎಂದು ಮುಖ್ಯ ಕೋಚ್ ಕ್ರೀಲ್ ಗದರಿದ. ಅಮೆರಿಕನ್ ಫುಟ್‌ಬಾಲ್ ಪಂದ್ಯದ ಕೊನೆಯ ಗಳಿಗೆ. ಎದುರು ತಂಡ ಇನ್ನೊಂದೇ ಗಜ ಮುಂದೆ ಬಂದರೆ ಗೆಲುವು ಅವರದು.

ಎದುರು ತಂಡವೆಂದರೆ, ಹೋದ ಡಿಸೆಂಬರಿನವರೆಗೂ ವೆಂಡೆಲ್ ಸಹಾಯಕ ಕೋಚ್ ಆಗಿದ್ದ, ಅಷ್ಟು ಸಂಬಳ ಕೊಡಲಾಗದ ಓಹಾಯೋದ ಸಣ್ಣ ಕಾಲೇಜು. ಅಲ್ಲಿ ಚೆಂಡು ಹಿಡಿದವನಿಗೆ ಮುಂದೆ ನಿಂತು ದಾರಿ ಬಿಡಿಸುವ ಜರೆಲ್ ಎಂಬ ಭಾರೀ ಮೈಕಟ್ಟಿನ ಆಟಗಾರನನ್ನು ಅವನು ಮೂರು ವರ್ಷ ತಿದ್ದಿದ್ದ. ನುಗ್ಗುವ ಆಟವಿದ್ದಾಗಲೆಲ್ಲ ಜರೆಲ್ ಬಾಗಿ ನಿಂತು, ತನಗೇ ತಿಳಿಯದಂತೆ ಮೈಭಾರವನ್ನೆಲ್ಲ ನೆಲಕ್ಕೂರಿದ ಬೆರಳ ಮೇಲೆ ಹಾಕುತ್ತಿದ್ದ. "ಬೆರಳು ಹಗುರ ಇರ್ಲಿ ಮಗಾ, ನೋಡೋರು ಕಂಡುಹಿಡಿದುಬಿಡ್ತಾರೆ," ಎಂದು ವೆಂಡೆಲ್ ದಿನವೂ ಹೇಳುತ್ತಿದ್ದ.

ಈಗ, ಸಾಲಿನ ಎಡಗಡೆ ಬಾಗಿ ನಿಂತಿದ್ದ ಜರೆಲ್‌ನ ಆ ಬೆರಳುಗಳು ಗೆಣ್ಣಿನವರೆಗೂ ಹುಲ್ಲಿನಲ್ಲಿ ಹೂತಿದ್ದವು.

"ನುಗ್ತಾರೆ. ಎಡಗಡೆಯಿಂದ," ಎಂದ ವೆಂಡೆಲ್. ಅವನ ದನಿ ಅವನಿಗೇ ರೇಡಿಯೋದ ಹವಾಮಾನ ವರದಿಯಂತೆ ಕೇಳಿಸಿತು. ಕ್ರೀಲ್ ಕೈಸನ್ನೆ ಮಾಡಿದ. ಅವನ ಐವರು ಆಟಗಾರರು ಒಟ್ಟಿಗೆ ಎಡಗಡೆಗೇ ಮುಗಿಬಿದ್ದು, ಚೆಂಡು ಹಿಡಿದವನನ್ನು ಅಲ್ಲೇ ಕೆಡವಿದರು. ಆಟ ಮುಗಿದ ಸೀಟಿ ಕೇಳಿಸಿತು. ಯಾರೋ ಬಂದು ವೆಂಡೆಲ್‌ನನ್ನು ಅಪ್ಪಿಕೊಂಡರು; ಅವನಿಗೆ ಏನೂ ಅನಿಸಲಿಲ್ಲ.

ಕೈಕುಲುಕುವ ಸಾಲಿನಲ್ಲಿ ಜರೆಲ್ ಅವನೆದುರು ಬಂದು ನಿಂತ. ಮುಖದಲ್ಲಿ ಕೋಪವಿರಲಿಲ್ಲ. ಮಣ್ಣು ಮೆತ್ತಿದ ಬೆರಳುಗಳನ್ನು ಎತ್ತಿ ತೋರಿಸಿ, ಅಭ್ಯಾಸದ ದಿನಗಳಲ್ಲಿ ಕೇಳುತ್ತಿದ್ದಂತೆಯೇ ಕೇಳಿದ:

"ಮತ್ತೆ ಒತ್ತಿಬಿಟ್ನಾ, ಕೋಚ್?"