ಫಿಲ್ಟರ್ ಕೊಯ್ದ ಗಳಿಗೆ

“ಹೊಳೀತಾ ಇದೆಯೇನೇ?” ಅಂತ ಕೇಳಿದ ತಾತನ ಮುಖ ಮಾತ್ರ ಗೋಡೆ ಕಡೆಗಿತ್ತು. ಮೊಮ್ಮಗಳು ತನ್ನ ರೇಸ್ ಬೋಟಿನ ಆಯಿಲ್ ಫಿಲ್ಟರನ್ನು ಡಬ್ಬಿ ಕೊಯ್ದ ಹಾಗೆ ಕೊಯ್ದು, ಒಳಗಿನ ಮಡಿಕೆ ಮಡಿಕೆ ಕಾಗದವನ್ನು ಕಿಟಕಿಯ ಬೆಳಕಿಗೆ ಬಿಡಿಸುತ್ತಿದ್ದಳು. ಬೆಳಗ್ಗೆ ನೀರಿಗಿಳಿಸಿ ಪೂರ್ತಿ ವೇಗ ಕೊಟ್ಟ ಕೂಡಲೇ ಆಯಿಲ್ ಪ್ರೆಶರಿನ ಮುಳ್ಳು ಸರ್ರನೆ ಇಳಿದಿತ್ತು. ಕಾಗದದಲ್ಲಿ ಲೋಹದ ಪುಡಿ ಹೊಳೆದರೆ ಎಂಜಿನ್ನಿನ ಬೇರಿಂಗ್ ಸವೆದಿದೆ ಎಂದೇ ಅರ್ಥ. ಅದನ್ನು ಕೂರಿಸಿದ್ದು ತಾತನ ಕೈ, ಈಚೆಗೆ ನಡುಕ ಶುರುವಾದ ಕೈ. “ಹೊಳೆದರೆ ಇನ್ನು ಸ್ಪ್ಯಾನರ್ ಮುಟ್ಟಲ್ಲ ಕಣೆ,” ಅಂತ ಆಗಲೇ ಟೂಲ್ ಬಾಕ್ಸ್ ಮುಚ್ಚಿ ಅವಳ ಕಡೆ ತಳ್ಳಿಬಿಟ್ಟಿದ್ದ.

ಹೊಳಪೇನೂ ಇರಲಿಲ್ಲ. ಮಡಿಕೆಗಳಲ್ಲಿ ಎಣ್ಣೆ ಕುಡಿದು ಅಂಟಿಕೊಂಡ ಕೆಂಪು ಎಳೆಗಳಿದ್ದವು. ಅವಳು ಒಂದನ್ನು ಬೆರಳಲ್ಲಿ ಹೊಸೆದು ನೋಡಿದಳು. ಉಣ್ಣೆ!

“ತಾತ, ಆಯಿಲ್ ಪಂಪ್ ಬಿಚ್ಚಿಟ್ಟಿದ್ಯಲ್ಲ, ಆಗ ಅದಕ್ಕೇನು ಸುತ್ತಿದ್ದೆ?”

“ಧೂಳು ಕೂರುತ್ತೆ ಅಂತ ಮೆತ್ತಗಿರೋದೇ ಸುತ್ತಿದ್ದೆ. ನೀನು ಮೂರನೇ ಕ್ಲಾಸಲ್ಲಿ ಹಾಕ್ತಿದ್ಯಲ್ಲ, ಆ ಕೆಂಪು ಸ್ವೆಟರು.”

“ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದ್ಯಾ?”

ಅವಳು ನಕ್ಕು, “ಬೇರಿಂಗ್ ಗಟ್ಟಿಮುಟ್ಟಾಗಿದೆ ತಾತ. ಪಂಪಿಗೆ ಚಳಿಯಾಗಲ್ಲ, ಇನ್ನೊಂದ್ಸಲ ಸ್ವೆಟರ್ ಹಾಕ್ಬೇಡ,” ಅಂದಳು.

ಆಗ ತಾತ ತಿರುಗಿ, ಕನ್ನಡಕ ಏರಿಸಿ, ಕಾಗದದ ಮೇಲೆ ಬಗ್ಗಿದ. “ಇಲ್ಲೇ ಇಷ್ಟಿದ್ರೆ, ಕೆಳಗೆ ಎಣ್ಣೆ ಹೀರೋ ಜಾಲರಿ ಪೂರ್ತಿ ಕಟ್ಕೊಂಡಿರುತ್ತೆ, ಅದಕ್ಕೇ ಪ್ರೆಶರ್ ಇಳಿದಿದ್ದು. ಅತ್ಲಾಗೆ ಸರಿ ಕಣೆ,” ಎಂದು ಟೂಲ್ ಬಾಕ್ಸನ್ನು ತನ್ನ ಕಡೆಗೆ ಎಳೆದುಕೊಂಡ.